ಕಾಣದ ನೋವಿಗೂ ದಯೆಯುಂಟೆ?

ದಯೆ ಎಂಬ ಮಾತು ನಮ್ಮ ನಾಲಗೆಗೆ ಸುಲಭವಾಗಿ ಬರುವುದು. ಬಸವಣ್ಣನವರು ಧರ್ಮದ ಬೇರನ್ನು ಅಲ್ಲಿಯೇ ಕಂಡರೆಂಬುದನ್ನು ಶರಣರ ಮನೆಯ ಮಕ್ಕಳು ಅಕ್ಷರಾಭ್ಯಾಸದೊಡನೆಯೇ ಕಲಿಯುವರು. ಆದರೆ ಆ ದಯೆಯು ಯಾವ ಬಾಗಿಲಿನಿಂದ ನಮ್ಮೊಳಗೆ ಬರುವುದೆಂದು ವಿಚಾರಿಸಿ ನೋಡಿದವರು ವಿರಳ. ವಾಚಕರೇ, ಸಿರುಗುಪ್ಪೆ ತಾಲ್ಲೂಕಿನ ದೇಶನೂರಿನ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರಿನ ಗಾಲಿಗೆ ನಾಯಿಯೊಂದು ಸಿಕ್ಕಿ ಕಾಲು ಮುರಿದುಕೊಂಡಿತೆಂದು ಭಾವಿಸಿರಿ. ಅದರ ಕೂಗು ಕೇಳಿದೊಡನೆ ಅಂಗಡಿಯವನು ಎದ್ದು ಬರುವನು, ಯಾರೋ ನೀರು ತರುವರು, ಹೆಂಗಸರು ‘ಅಯ್ಯೋ ಪಾಪ’ ಎನ್ನುವರು. ನಮ್ಮ ಜನರ ಹೃದಯ ಕಲ್ಲಲ್ಲ. ಕಣ್ಣು ಕಂಡರೆ, ಕಿವಿ ಕೇಳಿದರೆ, ಅದು ಕರಗಿಯೇ ಕರಗುವುದು.

ಈಗ ಅದೇ ಊರಿನ ಇನ್ನೊಂದು ನಾಯಿಯನ್ನು ನೆನೆಯಿರಿ. ಹಿತ್ತಿಲ ಗೂಟಕ್ಕೆ ಕಟ್ಟಿದ್ದಾರೆ. ಹಾಕಿದ ರೊಟ್ಟಿಯನ್ನು ತಿನ್ನುವುದು, ಯಜಮಾನ ಬಂದರೆ ಬಾಲ ಅಲ್ಲಾಡಿಸುವುದು, ರಾತ್ರಿ ಹೆಜ್ಜೆಯ ಸಪ್ಪಳಕ್ಕೆ ಬೊಗಳುವುದು. ಅದರ ಮೈಮೇಲೆ ಗಾಯವಿಲ್ಲ, ಬಾಯಲ್ಲಿ ಕೂಗಿಲ್ಲ. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದೊಳಗೆ ದಾರದಂತಹ ಹುಳುಗಳು ಬೆಳೆಯುತ್ತಿರಬಹುದು. ಈ ನೋವು ನಮ್ಮ ಕಣ್ಣಿನ ಬಾಗಿಲಿಗೆ ಬಂದು ತಟ್ಟುವುದಿಲ್ಲ. ಹಾಗಾದರೆ ಇದಕ್ಕೆ ದಯೆ ಸಲ್ಲುವುದೋ ಇಲ್ಲವೋ? ನಾನು ಈ ಲೇಖನದಲ್ಲಿ ವಿಚಾರಿಸಬಯಸುವುದು ಇಷ್ಟನ್ನೇ.

ಮೊದಲು ರೋಗವೇನೆಂಬುದನ್ನು ತಿಳಿಯೋಣ. ಪಶುವೈದ್ಯರು ಈ ಹುಳುವನ್ನು ‘ಡೈರೋಫಿಲೇರಿಯಾ ಇಮ್ಮಿಟಿಸ್’ ಎಂದು ಕರೆಯುವರು. ಹೆಣ್ಣುಹುಳು ಗೇಣುದ್ದಕ್ಕಿಂತಲೂ ಹೆಚ್ಚು, ಅಂದರೆ 25ರಿಂದ 30 ಸೆಂಟಿಮೀಟರು ಬೆಳೆಯುವುದು. ಅದು ಹೆರುವ ಮರಿಗಳಾದರೋ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ. ಅವು ನಾಯಿಯ ರಕ್ತದಲ್ಲಿ ಈಜಾಡುತ್ತಿರುವುವು. ಸೊಳ್ಳೆಯು ಆ ನಾಯಿಯನ್ನು ಕಚ್ಚಿದಾಗ ರಕ್ತದೊಡನೆ ಅವನ್ನೂ ಹೀರುವುದು. ಸೊಳ್ಳೆಯ ಒಡಲಿನಲ್ಲಿ ಸುಮಾರು ಎರಡು ವಾರ ಕಳೆದು ರೂಪಾಂತರ ಹೊಂದಿದಲ್ಲದೆ ಆ ಮರಿಗಳು ಮುಂದಿನ ಹುಳುಗಳಾಗಲಾರವು. ಬಳಿಕ ಅದೇ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಅವು ಅದರ ಚರ್ಮದೊಳಗೆ ಇಳಿದು, ಮಾಂಸದ ನಡುವೆ ದಾರಿ ಮಾಡಿಕೊಂಡು, ಆರೇಳು ತಿಂಗಳ ಪಯಣದ ಅಂತ್ಯಕ್ಕೆ ಹೃದಯದ ಬಳಿ ನೆಲೆಸಿ ತಾವೂ ಮರಿಹಾಕತೊಡಗುವುವು. ಅಲ್ಲಿಂದ ಐದರಿಂದ ಏಳು ವರ್ಷ ಅವುಗಳ ಬಾಳು. ಒಂದು ನಾಯಿಯಿಂದ ಇನ್ನೊಂದಕ್ಕೆ ನೇರವಾಗಿ ಈ ರೋಗ ಅಂಟದು. ಎಂಜಲಿನಿಂದಲೂ ಇಲ್ಲ, ಸ್ಪರ್ಶದಿಂದಲೂ ಇಲ್ಲ. ನಡುವೆ ಸೊಳ್ಳೆ ಬೇಕೇ ಬೇಕು. ಬೆಕ್ಕಿಗೂ ಇದು ತಗಲುವುದುಂಟು. ಅದರ ಪುಟ್ಟ ಎದೆಗೆ ಒಂದೆರಡು ಹುಳುಗಳೇ ಮಾರಕವಾಗಬಲ್ಲವು.

ಸೊಳ್ಳೆಯು ಹೀಗೆ ಹುಳುವಿನ ವಾಹನವಾಗುವುದೆಂಬ ಜ್ಞಾನ ಮನುಷ್ಯನಿಗೆ ಲಭಿಸಿ ಒಂದೂವರೆ ಶತಮಾನವೂ ಪೂರ್ತಿಯಾಗಿಲ್ಲ. ಆನೆಕಾಲು ರೋಗದ ಹುಳುವಿನ ಮರಿಗಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಚೀನದೇಶದಲ್ಲಿ 1877ರಲ್ಲಿ ಕಂಡರು. ಅವರಿಂದ ಪ್ರೇರಣೆ ಪಡೆದ ರೊನಾಲ್ಡ್ ರಾಸರು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ 1897ರಲ್ಲಿ ಮಲೇರಿಯದ ಗುಟ್ಟನ್ನು ಸೊಳ್ಳೆಯ ಜಠರದಲ್ಲಿ ಕಂಡುಹಿಡಿದರು. ಅದಕ್ಕೆ ಮೊದಲು ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಪಂಡಿತರೂ ನಂಬಿದ್ದರು. ಆ ಕಾಲದವರು ನಾಯಿಯನ್ನು ಈ ರೋಗದಿಂದ ಕಾಪಾಡಲಿಲ್ಲವೆಂದು ಯಾರೂ ದೂರಲಾರರು. ತಿಳಿಯದವನ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲ. ನಮ್ಮ ಸ್ಥಿತಿ ಬೇರೆ, ನಮಗೆ ತಿಳಿದಿದೆ.

ಈ ಹುಳುವಿನ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. 1856ರಲ್ಲಿ ಜೋಸೆಫ್ ಲೈಡಿ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೆ ಕೊಟ್ಟ ‘ಇಮ್ಮಿಟಿಸ್’ ಎಂಬ ಲ್ಯಾಟಿನ್ ವಿಶೇಷಣಕ್ಕೆ ‘ಮೃದುವಲ್ಲದುದು, ನಿಷ್ಕರುಣವಾದುದು’ ಎಂದು ಅರ್ಥ. ಹುಳುವನ್ನು ನಿಷ್ಕರುಣಿ ಎಂದು ಕರೆದರು! ಆದರೆ ವಿಚಾರಮಾಡಿ ನೋಡಿದರೆ ಈ ಮಾತು ಹುಳುವಿಗೆ ಒಪ್ಪುವುದಿಲ್ಲ. ತಾನು ನೆಲೆಸಿರುವುದು ಇನ್ನೊಂದು ಜೀವಿಯ ಹೃದಯವೆಂಬುದೇ ಅದಕ್ಕೆ ತಿಳಿಯದು. ಅದಕ್ಕೆ ಅದೊಂದು ಬೆಚ್ಚನೆಯ ಮನೆ ಅಷ್ಟೆ. ಅರಿವಿಲ್ಲದಲ್ಲಿ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಆ ವಿಶೇಷಣವನ್ನು ಹೊತ್ತುಕೊಳ್ಳಬೇಕಾದವನು ಯಾರಾದರೂ ಇದ್ದರೆ ಅವನು ಅರಿತವನು, ಅಥವಾ ಅರಿಯಬಹುದಾಗಿದ್ದೂ ಅರಿಯದೆ ಉಳಿದವನು.

ನಮ್ಮ ನಾಡಿನ ವಿಚಾರಕ್ಕೆ ಬರೋಣ. ಸತ್ಯವನ್ನು ಹೆಚ್ಚಿಸಿ ಹೇಳಿ ಹೆದರಿಸುವುದು ನನ್ನ ಉದ್ದೇಶವಲ್ಲ. ಹೃದಯದ ಈ ಹುಳು ಭಾರತದಲ್ಲಿ ಹೆಚ್ಚಾಗಿ ಕಂಡುಬಂದಿರುವುದು ಅಸ್ಸಾಮ್, ಮಿಜೋರಾಮ್ ಮೊದಲಾದ ಈಶಾನ್ಯ ಪ್ರಾಂತಗಳಲ್ಲಿ. ಕೇರಳ, ಕರ್ನಾಟಕಗಳ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ದಾಯಾದಿಯಾದ, ಚರ್ಮದ ಕೆಳಗೆ ವಾಸಿಸುವ ‘ಡೈರೋಫಿಲೇರಿಯಾ ರೆಪೆನ್ಸ್’ ಎಂಬ ಹುಳು. ಅದು ನಾಯಿಗೆ ಅಷ್ಟು ಮಾರಕವಲ್ಲದಿದ್ದರೂ, ಸೊಳ್ಳೆಯ ಮೂಲಕ ಒಮ್ಮೊಮ್ಮೆ ಮನುಷ್ಯನ ದೇಹವನ್ನೂ ಹೊಕ್ಕು ಕಣ್ಣಿನ ಪೊರೆಯ ಕೆಳಗೆ ಹರಿದಾಡುವುದನ್ನು ಕೇರಳದ ಮತ್ತು ನಮ್ಮ ಕರಾವಳಿಯ ನೇತ್ರವೈದ್ಯರು ಕಂಡು ಹೊರತೆಗೆದಿದ್ದಾರೆ. ನಾಯಿಯ ನೋವು ನಾಯಿಯೊಳಗೇ ನಿಲ್ಲುವುದೆಂದು ತಿಳಿಯುವವರಿಗೆ ಇಷ್ಟು ಸಾಕು. ಎರಡು ಹುಳುಗಳಿಗೂ ವಾಹನ ಒಂದೇ. ಕ್ಯೂಲೆಕ್ಸ್, ಈಡಿಸ್, ಅನಾಫಿಲೀಸ್ ಕುಲಗಳ ಅನೇಕ ಸೊಳ್ಳೆಗಳು ಅವನ್ನು ಹೊರಬಲ್ಲವು.

ಸೊಳ್ಳೆಗೆ ಸಿರುಗುಪ್ಪೆಯ ಸೀಮೆಯಲ್ಲಿ ಬರವುಂಟೆ? 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ ಕಾಲುವೆಗಳು ಹರಿದ ಮೇಲೆ ಜೋಳ ಹತ್ತಿಗಳ ಎರೆಭೂಮಿ ಬತ್ತದ ಕಣಜವಾಯಿತು. ಒಂದೆಡೆ ತುಂಗಭದ್ರೆ, ಇನ್ನೊಂದೆಡೆ ವೇದಾವತಿ ಎಂದು ಹುಟ್ಟಿ ಇಲ್ಲಿ ಹಗರಿ ಎನಿಸಿದ ಹೊಳೆ, ನಡುವೆ ಕಾಲುವೆಯ ಜಾಲ. ನೀರು ಅನ್ನ ತಂದಿತು, ಸೊಳ್ಳೆಯನ್ನೂ ತಂದಿತು. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಮಿದುಳುಜ್ವರ ಬಳ್ಳಾರಿ ಜಿಲ್ಲೆಯ ತಾಯಂದಿರಿಗೆ ಅಪರಿಚಿತವಲ್ಲ. 2006ರಲ್ಲಿ ದೇಶದಲ್ಲಿ ಆ ರೋಗದ ಲಸಿಕೆಯನ್ನು ಮೊದಲ ಹಂತದಲ್ಲಿ ಹಾಕಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಶೀತದೇಶಗಳಲ್ಲಿ ಚಳಿಗಾಲ ಬಂದರೆ ಹುಳುವಿನ ಮರಿಗಳು ಸೊಳ್ಳೆಯೊಳಗೆ ಬೆಳೆಯುವುದೇ ನಿಲ್ಲುವುದು. ಅದಕ್ಕೆ 14 ಡಿಗ್ರಿಗಿಂತ ಹೆಚ್ಚಿನ ಉಷ್ಣ ಬೇಕು. ನಮ್ಮ ಬಳ್ಳಾರಿಯ ಬಿಸಿಲು ಆ ಬಿಡುವನ್ನೂ ಕೊಡುವುದಿಲ್ಲ. ಹುಳು ಇಂದು ನಮ್ಮ ಓಣಿಯ ನಾಯಿಗಳಲ್ಲಿ ವಿರಳವಾಗಿದ್ದರೂ, ಅದು ಬಂದರೆ ಉಳಿಯಲು ಬೇಕಾದ ಸಾಮಗ್ರಿಯೆಲ್ಲ ಇಲ್ಲಿ ಸಿದ್ಧವಾಗಿದೆ. ದೂರದ ಊರುಗಳಿಂದ ಹಣ ಕೊಟ್ಟು ನಾಯಿಗಳನ್ನು ತರುವ ಚಪಲ ಈಚೆಗೆ ಹಳ್ಳಿಗಳಿಗೂ ಹಬ್ಬಿರುವಾಗ ಈ ಮಾತನ್ನು ಲಘುವಾಗಿ ಎಣಿಸಲಾಗದು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವೆನು. ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ದನದ ಕೊಟ್ಟಿಗೆಯ ಪಕ್ಕದಲ್ಲಿ, ಬಚ್ಚಲ ನೀರು ಹರಿದು ನಿಲ್ಲುವ ಕಾಲುವೆಗೆ ಮೂರು ಮೊಳ ದೂರದಲ್ಲಿ, ಅದನ್ನು ಕಟ್ಟುತ್ತಿದ್ದೆವು. ಸಂಜೆಯಾದರೆ ಅಲ್ಲಿ ಮನುಷ್ಯರು ನಿಲ್ಲುವಂತಿರಲಿಲ್ಲ, ಅಷ್ಟು ಸೊಳ್ಳೆ. ನಾವು ಒಳಗೆ ಹೋಗಿ ಪರದೆ ಕಟ್ಟಿಕೊಂಡು ಮಲಗುತ್ತಿದ್ದೆವು. ಅದು ಮುಂಗಾಲಿನಿಂದ ಮೂಗನ್ನು ಉಜ್ಜಿಕೊಳ್ಳುತ್ತಾ, ಸರಪಳಿ ಎಳೆಯುತ್ತಾ ಬೆಳಗಾಗಿಸುತ್ತಿತ್ತು. ಎಂಟನೆಯ ವರ್ಷದಲ್ಲಿ ಕೆಮ್ಮು ಬಂದಿತು, ನಾಲ್ಕು ಹೆಜ್ಜೆ ಓಡಿದರೆ ಕುಳಿತುಬಿಡುತ್ತಿತ್ತು, ಕಡೆಕಡೆಗೆ ಹೊಟ್ಟೆ ಊದಿಕೊಂಡಿತು. ಮುಪ್ಪು ಎಂದೆವು. ಅದರ ರಕ್ತವನ್ನು ಯಾರಿಗೂ ತೋರಿಸಲಿಲ್ಲ. ಅದು ಹುಳುವಿನಿಂದಲೇ ಸತ್ತಿತೆಂದು ನಾನು ಸಾಧಿಸಹೊರಟಿಲ್ಲ. ಮುಪ್ಪೇ ಇದ್ದರೂ ಇದ್ದೀತು. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಕಾಡಿನ ಪ್ರಾಣಿಗೆ ಸೊಳ್ಳೆ ಕಚ್ಚಿದರೆ ಅದು ಎದ್ದು ಬೇರೆಡೆಗೆ ಹೋಗುವುದು. ಕರಿಯನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅದನ್ನು ಕಸಿದುಕೊಂಡವನು ನಾನು. ಒಂದು ಜೀವಿಯ ಓಡಿಹೋಗುವ ಶಕ್ತಿಯನ್ನು ಕಿತ್ತುಕೊಂಡವನು, ಅದು ಯಾವುದರಿಂದ ಓಡಬೇಕಾಗಿತ್ತೋ ಆ ವಿಪತ್ತಿನ ಹೊಣೆಯನ್ನೂ ಜೊತೆಗೇ ಹೊತ್ತುಕೊಂಡಂತಾಯಿತು. ದಿನಕ್ಕೆರಡು ಹೊತ್ತು ರೊಟ್ಟಿ ಹಾಕಿದ್ದರಿಂದ ಆ ಲೆಕ್ಕ ತೀರುವುದಿಲ್ಲ.

ಇಲ್ಲಿ ಕೆಲವರು ಎತ್ತುವ ಆಕ್ಷೇಪಗಳನ್ನು ಪರಿಶೀಲಿಸಬೇಕು. ‘ಅದು ಅದರ ಕರ್ಮ’ ಎನ್ನುವವರು ಒಂದು ಬಗೆ. ಅವರಿಗೆ ಹೆಚ್ಚು ಉತ್ತರ ಬೇಡ. ಹಣೆಬರಹದ ಹೆಸರಿನಲ್ಲಿ ಕೈಕಟ್ಟಿ ಕೂರುವುದನ್ನು ಶರಣರು ಒಪ್ಪಿದವರಲ್ಲ. ‘ನಾಯಿ ಹೀನಪ್ರಾಣಿ, ವಚನಗಳಲ್ಲಿಯೇ ಅದನ್ನು ಚಪಲ ಮನಸ್ಸಿಗೆ ಹೋಲಿಸಿಲ್ಲವೇ?’ ಎನ್ನುವವರು ಇನ್ನೊಂದು ಬಗೆ. ಹೋಲಿಸಿರುವುದು ದಿಟ. ಆದರೆ ಅಲ್ಲಿ ನಿಂದೆಗೆ ಗುರಿಯಾದುದು ಮನುಷ್ಯನ ಆಸೆ; ನಾಯಿ ಬರಿಯ ಉಪಮಾನ. ಹಾವಿನಹಾಳ ಕಲ್ಲಯ್ಯನವರು ತಮ್ಮ ನಾಯಿಯಿಂದ ವೇದವನ್ನು ಓದಿಸಿದರೆಂಬ ಕಥೆಯನ್ನು ಕೇಳದ ಶರಣಭಕ್ತರಿಲ್ಲ. ಪವಾಡವನ್ನು ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಕುಲದ ಮೇಲು ಕೀಳುಗಳ ಗರ್ವವನ್ನು ಮುರಿಯಲು ಆ ಕಥೆ ನಾಯಿಯನ್ನೇ ಆರಿಸಿಕೊಂಡಿತೆಂಬುದು ಮಾತ್ರ ಗಮನಾರ್ಹ.

ಗಂಭೀರವಾದ ಆಕ್ಷೇಪ ಮೂರನೆಯದು. ‘ಹುಳುವಿಗೂ ಜೀವವಿಲ್ಲವೇ? ಸೊಳ್ಳೆಗೂ ಇಲ್ಲವೇ? ಒಂದು ನಾಯಿಯನ್ನು ಉಳಿಸಲು ನೂರು ಹುಳುಗಳನ್ನು ಕೊಲ್ಲುವುದು ದಯೆ ಹೇಗಾದೀತು?’ ಇದನ್ನು ನಗೆಯಾಡಿ ತಳ್ಳಿಹಾಕಬಾರದು. ಎಲ್ಲ ಜೀವಿಗಳ ಒಳಿತನ್ನು ಬಯಸುವುದೇ ಕುಲೀನತೆಯೆಂದು ತಿಳಿದ ಪರಂಪರೆ ನಮ್ಮದಾದುದರಿಂದ ಈ ಪ್ರಶ್ನೆ ನಮ್ಮನ್ನು ಕುಟುಕಲೇಬೇಕು. ನನಗೆ ತೋರಿದ ಉತ್ತರ ಇದು. ಹಿಂಸೆಯ ಪ್ರಮಾಣವು ನಾವು ಎಷ್ಟು ಬೇಗ ಎಚ್ಚರಗೊಂಡೆವು ಎಂಬುದನ್ನು ಅವಲಂಬಿಸಿರುವುದು. ಸೊಳ್ಳೆ ಮೊಟ್ಟೆಯಿಡುವ ಮೊದಲೇ ಕಲ್ಲಿನ ದೋಣಿಯನ್ನು, ಒಡೆದ ಗಡಿಗೆಯನ್ನು, ಹಳೆಯ ಟೈರನ್ನು ಬರಿದುಮಾಡಿದರೆ ಯಾವ ಜೀವವೂ ಸಾಯುವುದಿಲ್ಲ, ಹುಟ್ಟದಿದ್ದುದನ್ನು ಕೊಂದೆವೆನ್ನಲಾಗದು. ಮುಸ್ಸಂಜೆಗೆ ನಾಯಿಯನ್ನು ಪಡಸಾಲೆಯ ಒಳಗೆ ತಂದುಕೊಂಡರೂ ಅಷ್ಟೆ. ಅದನ್ನು ಮಾಡದೆ ತಡಮಾಡಿದೆವೆನ್ನಿ. ಆಗ ತಿಂಗಳಿಗೊಂದು ಮಾತ್ರೆಯಿಂದ, ಚರ್ಮದೊಳಗೆ ಈಗತಾನೆ ಇಳಿದ ಸೂಕ್ಷ್ಮ ಮರಿಗಳನ್ನು ಕೊಲ್ಲಬೇಕಾಗುವುದು. ಇನ್ನೂ ತಡಮಾಡಿದರೋ ಹೃದಯದಲ್ಲಿ ಬಲಿತ ಹುಳುಗಳನ್ನು ಪಾಷಾಣದ ಅಂಶವುಳ್ಳ ಚುಚ್ಚುಮದ್ದಿನಿಂದ ಕೊಲ್ಲಬೇಕು. ಅದು ಎಲ್ಲೆಡೆ ಸಿಗುವ ಮದ್ದಲ್ಲ, ಅಗ್ಗದ್ದೂ ಅಲ್ಲ. ಅಷ್ಟಕ್ಕೇ ಮುಗಿಯದು: ಸತ್ತ ಹುಳುಗಳ ತುಣುಕುಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡು ನಾಯಿಯನ್ನೇ ಕೊಲ್ಲಬಹುದೆಂದು ವಾರಗಟ್ಟಲೆ ಅದನ್ನು ಓಡಗೊಡದೆ, ನೆಗೆಯಗೊಡದೆ ಹಿಡಿದಿಡಬೇಕಾಗುವುದು. ಕರುಣೆ ತಡವಾಗಿ ಬಂದಷ್ಟೂ ಅದರ ಕೈಯಲ್ಲಿ ಹೆಚ್ಚು ಹರಿತವಾದ ಆಯುಧವಿರಬೇಕಾಗುವುದು. ಹುಳುವಿನ ಜೀವದ ಬಗೆಗೆ ನಿಜವಾಗಿ ಮರುಗುವವನು ಎಲ್ಲರಿಗಿಂತ ಮೊದಲು ದೋಣಿಯ ನೀರನ್ನು ಚೆಲ್ಲಬೇಕಾದವನು.

ಆ ಮಾತ್ರೆಯ ವಿಷಯವಾಗಿ ಎರಡು ಮಾತು. ಜಪಾನಿನ ಸತೋಶಿ ಓಮುರಾ ಎಂಬ ವಿಜ್ಞಾನಿ ಕವಾನಾ ಎಂಬಲ್ಲಿ ಒಂದು ಹಿಡಿ ಮಣ್ಣನ್ನು ತಂದು, ಅದರೊಳಗಿನ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಅಮೆರಿಕಕ್ಕೆ ಕಳುಹಿಸಿದರು. ಅಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು ಅದು ಸ್ರವಿಸುವ ವಸ್ತುವಿಗೆ ಹುಳುಗಳನ್ನು ಕೊಲ್ಲುವ ಗುಣವಿರುವುದನ್ನು ಕಂಡರು. ಅದರಿಂದ ರೂಪಿಸಿದ ಐವರ್‌ಮೆಕ್ಟಿನ್ ಎಂಬ ಔಷಧವು 1981ರಿಂದ ದನಕುರಿಗಳಿಗೂ, 1987ರಿಂದ ಅಮೆರಿಕದ ನಾಯಿಗಳಿಗೆ ಹೃದಯದ ಹುಳುವಿನ ತಡೆಗೂ, ಆಫ್ರಿಕದಲ್ಲಿ ಮನುಷ್ಯರ ಕಣ್ಣು ಕಳೆಯುವ ಹುಳುರೋಗಕ್ಕೂ ಬಳಕೆಗೆ ಬಂದಿತು. ಈ ಶೋಧಕ್ಕಾಗಿ ಅವರಿಬ್ಬರಿಗೂ 2015ರಲ್ಲಿ ನೊಬೆಲ್ ಬಹುಮಾನದ ಪಾಲು ಸಂದಿತು. ಮಣ್ಣಿನಲ್ಲಿ ಕಾಣದೆ ಬಿದ್ದಿದ್ದ ಜೀವಿ, ರಕ್ತದಲ್ಲಿ ಕಾಣದೆ ಅಡಗಿದ್ದ ಶತ್ರುವಿಗೆ ಮದ್ದಾಯಿತು.

ಆದರೆ ಎಚ್ಚರ. ಈ ಔಷಧ ಸೊಳ್ಳೆ ಕಚ್ಚುವುದನ್ನು ತಡೆಯದು. ಕಳೆದ ತಿಂಗಳಲ್ಲಿ ಒಳಹೊಕ್ಕ ಮರಿಗಳನ್ನು ತೊಡೆಯುವುದು ಮಾತ್ರ. ಆದುದರಿಂದಲೇ ತಿಂಗಳು ತಪ್ಪದೆ ಕೊಡಬೇಕು. ಇದರ ತಡೆಮಾತ್ರೆ ನಾಯಿಯ ತೂಕದ ಒಂದು ಕಿಲೋಗ್ರಾಮಿಗೆ 6 ಮೈಕ್ರೊಗ್ರಾಮ್. ದನಕ್ಕೆ ಕೊಡುವ ಪ್ರಮಾಣ 200. ಅಂದರೆ ಮೂವತ್ತು ಪಾಲಿಗಿಂತಲೂ ಹೆಚ್ಚು! ಬತ್ತ ಕೊಯ್ದ ಗದ್ದೆಗಳಲ್ಲಿ ಹಿಂಡು ತರುಬುವ ಕುರಿಗಾರರ ಚೀಲದಲ್ಲಿ ಕುರಿಯ ಮದ್ದು ಇರುವುದು ಸಹಜ. ಅದನ್ನೇ ಅಂದಾಜಿನಲ್ಲಿ ಕಾವಲುನಾಯಿಗೂ ಹಾಕುವುದು ಅಪಾಯ. ಕಾಲಿ ಮೊದಲಾದ ಕೆಲವು ವಿದೇಶೀ ತಳಿಗಳ ಮಿದುಳಿಗೆ ಈ ಔಷಧದ ಹೆಚ್ಚಿನ ಪ್ರಮಾಣ ವಿಷಪ್ರಾಯ. ಈಗಾಗಲೇ ರಕ್ತದಲ್ಲಿ ಮರಿಗಳು ತುಂಬಿರುವ ನಾಯಿಗೆ ಕೊಟ್ಟರೆ ಅವು ಒಮ್ಮೆಗೇ ಸತ್ತು ನಾಯಿ ಕುಸಿದುಬೀಳಬಹುದು. ರಕ್ತಪರೀಕ್ಷೆ ಮೊದಲು, ಮಾತ್ರೆ ಆಮೇಲೆ. ಅದೂ ಪಶುವೈದ್ಯರ ಮಾತಿನಂತೆ. ಅಜ್ಞಾನದ ದಯೆ ಎಷ್ಟೋ ಸಲ ನಿರ್ದಯೆಗಿಂತ ಹೆಚ್ಚು ಕೊಂದಿದೆ.

‘ಮನುಷ್ಯರಿಗೇ ಮದ್ದಿಲ್ಲದ ನಾಡಿನಲ್ಲಿ ನಾಯಿಗೆ ತಿಂಗಳ ಮಾತ್ರೆಯೇ?’ ಎಂದು ನೀವು ಕೇಳುವಿರಿ. ಕೇಳಬೇಕಾದ ಮಾತೇ. ಆದರೆ ತುಂಗಭದ್ರೆಯ ಆಚೆ ದಡದ ರಾಯಚೂರು ಜಿಲ್ಲೆಯನ್ನು ನೋಡಿರಿ. ಅದು ಆನೆಕಾಲು ರೋಗದ ನೆಲೆ. ಆ ಹುಳು ನಾಯಿಯ ಹುಳುವಿನ ಬಂಧು. ಅದನ್ನೂ ಸೊಳ್ಳೆಯೇ ಹೊರುವುದು. 2004ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಕಾರ್ಯಕ್ರಮದಂತೆ ರೋಗದ ನೆಲೆಗಳಲ್ಲಿ ವರ್ಷಕ್ಕೊಮ್ಮೆ ಆರೋಗ್ಯವಂತರೂ ಮಾತ್ರೆ ನುಂಗುವ ಪದ್ಧತಿ ಬಂದಿತು. ಕಾಲು ಊದಿಲ್ಲ, ಜ್ವರವಿಲ್ಲ, ಆದರೂ ನುಂಗಬೇಕು. ಏಕೆ? ತನ್ನ ರಕ್ತದಲ್ಲಿ ತನಗೇ ತಿಳಿಯದೆ ಇರಬಹುದಾದ ಮರಿಗಳನ್ನು ಸೊಳ್ಳೆಯು ನೆರೆಯವನ ಮಗುವಿಗೆ ಒಯ್ಯದಿರಲೆಂದು. ಆ ಮಾತ್ರೆಯನ್ನು ‘ನನಗೇನು ರೋಗ?’ ಎಂದು ಹಿತ್ತಿಲಿಗೆ ಎಸೆಯುವವರೂ ಇದ್ದಾರೆ. ನಾಯಿಯ ಹುಳುವನ್ನು ಲೆಕ್ಕಿಸದ ಮನಸ್ಸೂ ಆ ಮಾತ್ರೆಯನ್ನು ಎಸೆಯುವ ಮನಸ್ಸೂ ಒಂದೇ ಎಂದು ನನ್ನ ಅಭಿಪ್ರಾಯ: ಕಂಡದ್ದಷ್ಟೇ ಇದೆ ಎಂಬ ನಂಬಿಕೆ. ಒಂದನ್ನು ತಿದ್ದಿದರೆ ಇನ್ನೊಂದೂ ತಿದ್ದೀತು. ಬಡವನಾದ ರೈತನು ತಿಂಗಳ ಮಾತ್ರೆ ಕೊಳ್ಳಲಾರನು, ಕೊಳ್ಳಬೇಕೆಂದು ನಾನು ಒತ್ತಾಯಿಸಲಾರೆ. ನೀರು ಚೆಲ್ಲಲು ಹಣ ಬೇಡ. ಗೂಟವನ್ನು ಬಚ್ಚಲಿನಿಂದ ದೂರಕ್ಕೆ ಕಿತ್ತು ನೆಡಲು ಹಣ ಬೇಡ. ಇರುವ ಹಣವನ್ನು ಮೊದಲು ಹುಚ್ಚುನಾಯಿ ರೋಗದ ಲಸಿಕೆಗೆ ಕೊಡಲಿ, ಅದು ಮನೆಯ ಮಕ್ಕಳ ಪ್ರಾಣದ ಪ್ರಶ್ನೆ. ಪಟ್ಟಣದಲ್ಲಿ ನಾಯಿಗೆ ಮೆತ್ತನೆಯ ಹಾಸಿಗೆ, ಬೆಳ್ಳಿಯ ಗೆಜ್ಜೆ ಮಾಡಿಸಿ, ವರ್ಷಕ್ಕೊಮ್ಮೆ ರಕ್ತ ನೋಡಿಸದವರಿಗೆ ಮಾತ್ರ ಈ ರಿಯಾಯಿತಿ ಸಲ್ಲದು.

ಕಡೆಯದಾಗಿ, ಯಾರದೂ ಅಲ್ಲದ ನಾಯಿಗಳ ಮಾತು. ಹುಳುವಿನ ಮರಿಗಳು ಅವುಗಳ ರಕ್ತದಲ್ಲಿರುವವರೆಗೆ ನಮ್ಮ ಮನೆಯ ಒಂದು ನಾಯಿಗೆ ಮದ್ದು ಹಾಕಿ ನೆಮ್ಮದಿಯಿಂದಿರುವಂತಿಲ್ಲ. ಸೊಳ್ಳೆ ಕೊರಳಪಟ್ಟಿ ನೋಡಿ ಕಚ್ಚುವುದಿಲ್ಲ. ಇವು ಯಾರವು? ಈ ಪತ್ರಿಕೆಯನ್ನು ಓದುವ ನಾವು ಯಾವುದಾದರೊಂದು ಮಠಕ್ಕೆ ನಡೆದುಕೊಳ್ಳುವವರೇ. ದಾಸೋಹದ ಪಂಕ್ತಿ ಎದ್ದ ಮೇಲೆ ಎಂಜಲೆಲೆಗಳ ಬಳಿ ಬಂದು ನಿಲ್ಲುವ ನಾಲ್ಕಾರು ನಾಯಿಗಳನ್ನು ಎಲ್ಲರೂ ಕಂಡಿದ್ದೇವೆ. ಅವು ತಲೆಮಾರುಗಳಿಂದ ಮಠದ ಅನ್ನದ ಮೇಲೆ ಬದುಕಿದವು. ಜಾತ್ರೆಯ ಲೆಕ್ಕದಲ್ಲಿ ಪಟಾಕಿಗೂ ಹೂವಿಗೂ ಸಂದ ಹಣದ ಒಂದಂಶವನ್ನು ಉಳಿಸಿ, ಜಾತ್ರೆ ಕಳೆದ ವಾರದಲ್ಲಿ ತಾಲ್ಲೂಕಿನ ಪಶುವೈದ್ಯರನ್ನು ಕರೆಸಬಹುದು. ಮೊದಲು ಹುಚ್ಚುರೋಗದ ಲಸಿಕೆ. ಬಳಿಕ ಒಂದೊಂದು ನಾಯಿಯಿಂದ ಒಂದೊಂದು ಹನಿ ರಕ್ತ. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮರಿಗಳು ಇದ್ದಲ್ಲಿ ಅವು ರಕ್ತಕಣಗಳನ್ನು ಅತ್ತಿತ್ತ ತಳ್ಳುತ್ತಾ ಹೊರಳುವುದು ಕಾಣುವುದು. ಊರಿನ ಶಾಲೆಯ ಮಕ್ಕಳನ್ನೂ ಅಂದು ಕರೆದು, ಒಬ್ಬೊಬ್ಬರಾಗಿ ಆ ಮಸೂರಕ್ಕೆ ಕಣ್ಣಿಟ್ಟು ನೋಡಲು ಬಿಡಬೇಕೆಂದು ನನ್ನ ಬಿನ್ನಹ.